ದೊಮಿತಿಲಾಳ ತಗಡಿನ ಲೋಟ

ವ್ಯಾಗನ್ ಇರಲಿಲ್ಲ.

ನೆಲಿದಾ ಬಕೆಟ್ಟನ್ನು ಕೆಳಗಿಟ್ಟು ಮತ್ತೊಮ್ಮೆ ನೋಡಿದಳು. ಪೋಸೊ ಸೆಕೊ ನಿಲ್ದಾಣದಲ್ಲಿ ನೋಡುವುದಕ್ಕೆ ಇರುವುದಾದರೂ ಏನು? ಹಾದುಹೋಗುವ ಒಂದು ಹಳಿ, ಗಾಡಿ ನಿಲ್ಲಿಸಲು ಪಕ್ಕದಲ್ಲಿ ಇನ್ನೊಂದು, ನೀರಿನ ತೊಟ್ಟಿ, ಸ್ಟೇಷನ್ ಮಾಸ್ತರರ ಮನೆ, ಹಳಿ ದುರಸ್ತಿಯ ಗ್ಯಾಂಗಿನವರ ವಸತಿ, ಅವಳ ಊಟದ ಮನೆ. ಉಳಿದದ್ದೆಲ್ಲ ಕಂದು ನೆಲ, ಬೋಳು ಆಕಾಶ. ಇಂಥ ಕಡೆ ಅಂಗಿಯ ಒಂದು ಗುಂಡಿ ಕಳೆದರೂ ಸಿಗುತ್ತದೆ. ತಾಮ್ರದ ಫಲಕಗಳನ್ನು ಪೇರಿಸಿದ ಇಡೀ ವ್ಯಾಗನ್ ಎಲ್ಲಿಗೆ ಹೋದೀತು?

ನಿನ್ನೆ ಸಂಜೆ ಗಣಿಯಿಂದ ಇಳಿದು ಬಂದ ಗಾಡಿಯಲ್ಲಿ ಆ ವ್ಯಾಗನ್ನಿನ ಗಾಳಿ ಬ್ರೇಕಿನ ಕೊಳವೆ ಸೀಳಿತ್ತು. ಅದನ್ನು ಗಾಡಿಯಿಂದ ಬಿಡಿಸಿ, ಪಕ್ಕದ ಹಳಿಗೆ ತಂದು, ಕೈಬ್ರೇಕ್ ಬಿಗಿದು, ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸಿದವನು ಅವಳ ಗಂಡ ಇಲಾರಿಯೊ. ಅವನು ಗಾಡಿಯ ಬ್ರೇಕ್‌ಮ್ಯಾನ್. ದುರಸ್ತಿ ಮುಗಿಯುವವರೆಗೆ ನೀನೂ ಇಲ್ಲೇ ಇರು ಎಂದು ಚಾಲಕ ಅವನನ್ನು ಇಳಿಸಿ ಹೋಗಿದ್ದ. ಗಂಡ ಒಂದು ರಾತ್ರಿ ಮನೆಯಲ್ಲಿರುತ್ತಾನೆಂದು ನೆಲಿದಾಗೆ ಖುಷಿಯೋ ಖುಷಿ. ಆ ಖುಷಿಯಲ್ಲೇ ಬಟ್ಟೆಯ ರಾಶಿ ಒಗೆದು, ಒಣಹಾಕಲು ಜಾಗ ಸಾಲದೆ, ಹಗ್ಗದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಅದೇ ವ್ಯಾಗನ್ನಿನ ಕೊಕ್ಕೆಗೂ ಕಟ್ಟಿದ್ದಳು.

ಈಗ ಹಗ್ಗ ಸುರುಳಿ ಸುತ್ತಿಕೊಂಡು ಕಂಬದಲ್ಲಿ ನೇತಾಡುತ್ತಿತ್ತು. ಬಟ್ಟೆಗಳು ಬೆಂಚಿನ ಮೇಲಿದ್ದವು — ಮಡಿಸಿ, ಅಂಚಿಗೆ ಅಂಚು ಕೂಡಿಸಿ.

"ಇಲಾರಿಯೊ! ಏಯ್ ಇಲಾರಿಯೊ!"

ಅವನು ಕೊರಳಿನ ವಸ್ತ್ರವನ್ನು ಕಿವಿಯವರೆಗೂ ಸುತ್ತಿಕೊಂಡು ಹೊರಬಂದ. ಒಂದು ಕೆನ್ನೆ ಊದಿತ್ತು. ಖಾಲಿ ಹಳಿ ನೋಡಿದವನೇ ನಿಂತಲ್ಲೇ ನಿಂತುಬಿಟ್ಟ.

"ವ್ಯಾಗನ್ ಎಲ್ಲಿ?" ನೆಲಿದಾ ಕೇಳಿದಳು.

"ನನ್ನನ್ನ ಕೇಳ್ತೀಯಲ್ಲೇ? ನಾನೇನು ಜೇಬಲ್ಲಿ ಇಟ್ಕೊಂಡಿದೀನಾ?"

"ಬಟ್ಟೆ ಮಡಿಸಿದ್ದು ನೀನಾ?"

"ನಾನ್ಯಾವತ್ತು ಬಟ್ಟೆ ಮಡಿಸಿದೀನಿ?"

ಅದೂ ನಿಜವೇ. ಮದುವೆಯಾದಂದಿನಿಂದ ಆ ಮನುಷ್ಯ ಒಂದು ಕರವಸ್ತ್ರ ಮಡಿಸಿದ್ದನ್ನು ಅವಳು ಕಂಡಿರಲಿಲ್ಲ.

ಗದ್ದಲ ಕೇಳಿ ಸ್ಟೇಷನ್ ಮಾಸ್ತರ್ ದೋನ್ ಅಬೆಲಾರ್ದೊ ಟೋಪಿ ಸರಿಮಾಡಿಕೊಳ್ಳುತ್ತ ಬಂದರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬೋಳಿಸಿದ ಗಲ್ಲ, ಬಗಲಲ್ಲಿ ಥರ್ಮಾಸ್. ಇಲಾರಿಯೊಗೆ ಜ್ಞಾನಸ್ನಾನ ಮಾಡಿಸಿದ ಧರ್ಮತಂದೆ ಅವರೇ. ಅವನ ತಾಯಿ ಸತ್ತ ಮೇಲೆ ಅನ್ನ ಹಾಕಿ, ಬೂಟು ಕೊಡಿಸಿ, ರೈಲ್ವೆಗೆ ಸೇರಿಸಿದವರೂ ಅವರೇ. ಗಂಡ ಹೆಂಡತಿ ಇಬ್ಬರೂ ಅವರನ್ನು 'ಪಾದ್ರಿನೊ' ಎಂದೇ ಕರೆಯುತ್ತಿದ್ದರು.

ಅವರು ಖಾಲಿ ಹಳಿಯನ್ನು ಬಹಳ ಹೊತ್ತು ನೋಡಿದರು. "ಬಂದರಿಗೆ ತಿಳಿಸ್ಬೇಕು," ಎಂದಷ್ಟೇ ಹೇಳಿ ರೇಡಿಯೊ ಕೋಣೆಗೆ ಹೋದರು. ಹೋಗುವಾಗ ಥರ್ಮಾಸನ್ನು ಎಂದಿನಂತೆ ನೆಲಿದಾಳ ಕಿಟಕಿಯಲ್ಲಿಟ್ಟರು. ಅವರಿಗೆ ಹೊಟ್ಟೆಯಲ್ಲಿ ಹುಣ್ಣು. ಜಗತ್ತು ಮುಳುಗಿದರೂ ಕಷಾಯ ಬೇಕೇ ಬೇಕು. ಅವಳು ರಿಕಾ-ರಿಕಾ ಸೊಪ್ಪಿನ ಕಡ್ಡಿ ಮುರಿದು ಕುದಿಯುವ ನೀರಿಗೆ ಹಾಕಿದಳು, ಸಕ್ಕರೆ ಕರಗಿಸಿದಳು, ಒಲೆಯ ಮೇಲೆ ಒಣಗಿಸಿದ ಕಿತ್ತಳೆ ಸಿಪ್ಪೆಯ ಚೂರೊಂದನ್ನು ತೇಲಿಬಿಟ್ಟಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕಣ್ಣು ಮಾತ್ರ ಖಾಲಿ ಹಳಿಯ ಮೇಲೆಯೇ.

ಅವಳ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ರಾತ್ರಿ ಎಚ್ಚರವಾದಾಗ ಅವಳು ಕೈ ಚಾಚಿದ್ದಳು. ಪಕ್ಕದ ಹಾಸಿಗೆ ತಣ್ಣಗಿತ್ತು.

* * *

ಕಂಪನಿಯ ಕಾವಲು ಮುಖ್ಯಸ್ಥ ಕ್ಯಾಪ್ಟನ್ ಬುಸ್ತೋಸ್ ಧೂಳೆಬ್ಬಿಸಿಕೊಂಡು ಜೀಪಿನಲ್ಲಿ ಬಂದಿಳಿದ. ಸೈನ್ಯದಿಂದ ನಿವೃತ್ತನಾದವನು, ಬೂಟು ಫಳಫಳ. ಈ ನೆಲದಲ್ಲಿ ಬೂಟಿಗೆ ಪಾಲಿಶ್ ಹಾಕುವ ಗಂಡಸನ್ನು ನೆಲಿದಾ ಎಂದೂ ನಂಬಿದವಳಲ್ಲ. ಹಿಂದೆ ಇಬ್ಬರು ಕಾವಲುಗಾರರು. ಕೊನೆಗೆ, ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದವಳು ಒಬ್ಬ ಗಿಡ್ಡ ಹೆಂಗಸು. ಉದ್ದ ಜಡೆ, ಮಾಸಿದ ಕೋಟು.

"ಬಂದರಿನ ಪೊಲೀಸ್. ಇನ್ಸ್‌ಪೆಕ್ಟರ್ ಎಲ್ಸಿರಾ ಪನಿರೆ," ಎಂದಳು ಆಕೆ. "ಸ್ವಲ್ಪ ತಡೀರಿ, ಹೊಟ್ಟೆ ಜಾಗಕ್ಕೆ ಬರ್ಲಿ. ಕ್ಯಾಪ್ಟನ್, ನಿಮ್ಮ ಜೀಪಲ್ಲಿ ಇನ್ನೊಂದ್ಸಲ ಕೂರೋಳಲ್ಲ ನಾನು. ವಾಪಸ್ ಹೋಗೋದು ಮಧ್ಯಾಹ್ನದ ಗಾಡೀಲಿ."

"ಒಳ್ಳೇದೇ ಆಯ್ತು," ಎಂದ ಬುಸ್ತೋಸ್. "ಅದೇ ಗಾಡೀಲಿ ಕಳ್ಳನ್ನೂ ಕರ್ಕೊಂಡು ಹೋಗಿ. ವ್ಯಾಗನ್ ಸಿಕ್ಕಿದೆ — ಖಾಲಿ. ಕೆಳಗೆ, ಸಾಂತಾ ರುಫಿನಾದ ಪಾಳು ಕಾರ್ಖಾನೆ ಹತ್ರ ನಿಂತಿದೆ. ಪಕ್ಕದಲ್ಲಿ ಲಾರಿ ಗಾಲಿ ಗುರುತು. ತಾಮ್ರ ಮಾಯ."

ಸಾಂತಾ ರುಫಿನಾ! ಹಿಂದೆ ಪೆಟ್ಲುಪ್ಪು ತೆಗೆಯುತ್ತಿದ್ದ ಕಾರ್ಖಾನೆ ಅದು. ಅದಕ್ಕೆ ಹೋಗುವ ಕವಲು ಹಳಿಯ ಬಾಯಲ್ಲೇ ನೆಲಿದಾಳ ಸತ್ತ ಅತ್ತೆ ದೊಮಿತಿಲಾಳ ನೆನಪಿನ ಗೂಡಿತ್ತು.

"ಎಂಜಿನ್ ಇಲ್ದೆ ವ್ಯಾಗನ್ ಹೇಗೆ ಹೋಯ್ತು?" ಇನ್ಸ್‌ಪೆಕ್ಟರ್ ಕೇಳಿದಳು.

"ಇಳಿಜಾರು ಮೇಡಂ. ಇಲ್ಲಿಂದ ಸಮುದ್ರದವರೆಗೂ ಇಳಿಜಾರೇ. ಬ್ರೇಕ್ ಸಡಿಲಿಸಿದ್ರೆ ತಾನಾಗೇ ಹೋಗುತ್ತೆ. ಒಬ್ಬ ಮೇಲೆ ನಿಂತು ಕೈಬ್ರೇಕ್ ತಿರುಗಿಸ್ತಾ ಇದ್ರೆ ಸಾಕು. ರಾತ್ರಿ ಗಾಡಿನೂ ಇರ್ಲಿಲ್ಲ. ಆದ್ರೆ ಇಲ್ಲೊಂದು, ಅಲ್ಲೊಂದು — ಹಳಿ ಬದಲಿಸೋ ಸನ್ನೆಗೋಲಿಗೆ ಬೀಗ ಇದೆ. ಕೀಲಿ ಇರೋದು ಮೂರೇ ಜನರ ಹತ್ರ. ಮಾಸ್ತರ್, ಗ್ಯಾಂಗ್ ಮೇಸ್ತ್ರಿ, ಮತ್ತೆ..." ಅವನ ಬೆರಳು ಇಲಾರಿಯೊನ ಮೂಗಿನ ತುದಿಗೆ ಬಂದು ನಿಂತಿತು. "ಇವನು."

ಊಟದ ಮನೆಯಲ್ಲೇ ವಿಚಾರಣೆ ಶುರುವಾಯಿತು. ಇನ್ಸ್‌ಪೆಕ್ಟರ್ ಪನಿರೆಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಎದ್ದು ಕಿಟಕಿಗೆ ಹೋಗುವಳು, ಬಾಗಿಲಿಗೆ ಬರುವಳು, ಕೋಟಿನ ಜೇಬಿಂದ ಹುರಿದ ಜೋಳ ತೆಗೆದು ಕಟಕಟ ಅಗಿಯುವಳು. ನೆಲಿದಾ ಒರೆಸಿದ ಮೇಜನ್ನೇ ಒರೆಸುತ್ತಿದ್ದಳು. ಹೊರಗೆ ಗಾಳಿ ತಗಡಿನ ಮಾಡನ್ನು ಬಿಡದೆ ಬಡಿಯುತ್ತಿತ್ತು.

"ಜೋಳ ತಗೊಳ್ಳಿ," ಇನ್ಸ್‌ಪೆಕ್ಟರ್ ಇಲಾರಿಯೊನ ಮುಂದೆ ಕೈ ಚಾಚಿದಳು.

"ಬೇಡ ಮೇಡಂ." ಅವನು ಬೆಚ್ಚಿ ಮುಖ ಹಿಂದೆಳೆದುಕೊಂಡ.

"ಕೆನ್ನೆಗೇನಾಯ್ತು?"

"ಬಾಗಿಲು ತಾಗ್ತು."

"ಬಾಗಿಲಲ್ಲ, ಕೈಬ್ರೇಕಿನ ಚಕ್ರ!" ಬುಸ್ತೋಸ್ ಮೇಜು ಗುದ್ದಿದ. "ಓಡೋ ವ್ಯಾಗನ್ನಲ್ಲಿ ಚಕ್ರ ಕೈತಪ್ಪಿದ್ರೆ ತಿರುಗಿ ಮುಖಕ್ಕೇ ಬಡಿಯುತ್ತೆ."

"ರಾತ್ರಿ ಎಲ್ಲಿದ್ರಿ?" ಇನ್ಸ್‌ಪೆಕ್ಟರ್ ಇಲಾರಿಯೊನನ್ನೇ ನೋಡುತ್ತ ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ನೆಲಿದಾ ಅಂದುಬಿಟ್ಟಳು: "ನನ್ನ ಪಕ್ಕದಲ್ಲೇ ಇದ್ರು. ಬೆಳಗಿನವರೆಗೂ."

ಇಲಾರಿಯೊ ತಿರುಗಿ ಅವಳನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, "ಹೌದು," ಎಂದ. ಆ 'ಹೌದು' ಕೇಳಿದ ಕೂಡಲೇ ನೆಲಿದಾ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟಳು. ತಾನು ಸುಳ್ಳು ಹೇಳಿದ್ದು ಅವನನ್ನು ಉಳಿಸಲು. ಅವನೇಕೆ ಹೇಳಿದ?

ಮುಂದೆ ಗ್ಯಾಂಗ್ ಮೇಸ್ತ್ರಿ ಸಿಕ್ಸ್ತೊ ಕೊಲ್ಕೆ. ಕಂಬದಂಥ ಆಳು, ಜೇಬಿನಲ್ಲಿ ಸದಾ ಬೈಬಲ್ಲು. ಕೀಲಿ ತೆಗೆದು ಮೇಜಿನ ಮೇಲೆ ಎಸೆದ.

"ಸಾಂತಾ ರುಫಿನಾದ ಕವಲು ಹಳಿ ಇನ್ನೂ ನಡೆಯುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅದರ ಸನ್ನೆಗೋಲಿಗೆ ಎಣ್ಣೆ ಬಿಡೋನೇ ನಾನು."

"ಮೊದಲನೇ ಸಲ ಒಬ್ಬರು ನಿಜ ಹೇಳಿದ್ರು," ಇನ್ಸ್‌ಪೆಕ್ಟರ್ ನಕ್ಕಳು. "ಅಲ್ಲೊಂದು ಗೂಡಿದೆಯಂತಲ್ಲ, ಅದಕ್ಕೂ ಎಣ್ಣೆ ಬತ್ತಿ ನೋಡ್ಕೋತೀರಾ?"

ಸಿಕ್ಸ್ತೊನ ಮುಖ ಗಂಟಾಯಿತು. "ಸತ್ತೋರಿಗೆ ನೀರು ಕುಡಿಸೋದು ನಮ್ಮ ಸಭೇಲಿ ಪಾಪ. ಅಲ್ಲಿ ನಾನು ಟೋಪಿನೂ ತೆಗೆಯಲ್ಲ. ಬೇಕಾದ್ರೆ ಇವನನ್ನೇ ಕೇಳಿ. ಸುಣ್ಣ ಹಚ್ಚು ಅಂದಿದ್ದಕ್ಕೆ ಒಲ್ಲೆ ಅಂದೆ. ಅವತ್ತಿಂದ ನನ್ನ ಜೊತೆ ಮಾತು ಬಿಟ್ಟಿದಾನೆ."

"ಬಿಡ್ದೆ ಇನ್ನೇನು?" ಇಲಾರಿಯೊ ಗೊಣಗಿದ. "ನಮ್ಮಮ್ಮನ ಗೂಡನ್ನ ಬೊಂಬೆ ಮನೆ ಅಂತೀಯ."

ಕೊನೆಯಲ್ಲಿ ದೋನ್ ಅಬೆಲಾರ್ದೊ. ಥರ್ಮಾಸಿನ ಮುಚ್ಚಳಕ್ಕೆ ಸ್ವಲ್ಪ ಬಗ್ಗಿಸಿಕೊಂಡು, ಊದಿ ಊದಿ ಗುಟುಕರಿಸುತ್ತ ಉತ್ತರ ಕೊಟ್ಟರು.

"ರಾತ್ರಿ ಕಷಾಯ ಕುಡ್ದು ಮಲಗಿದೆ ತಾಯಿ. ಕೊನೇ ಹನೀವರೆಗೂ ಕುಡೀತೀನಿ, ಇಲ್ದಿದ್ರೆ ಹೊಟ್ಟೆ ಉರಿ ನಿಲ್ಲಲ್ಲ. ಆಮೇಲೆ ಸತ್ತ ನಿದ್ದೆ. ಗಾಳಿ ಬೇರೆ ಊಳಿಡ್ತಿತ್ತು. ಏನೂ ಕೇಳಿಸ್ಲಿಲ್ಲ."

"ಈ ನಿಲ್ದಾಣ ಮುಚ್ತಾರಂತೆ, ಹೌದಾ?"

ಮುಚ್ಚಳ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. "ಚಳಿಗಾಲ ಮುಗಿಯೋದ್ರೊಳಗೆ. ಇನ್ನು ಎಲ್ಲಾನೂ ಬಂದರಿಂದ್ಲೇ ರೇಡಿಯೋಲಿ ನಡೆಸ್ತಾರಂತೆ. ಮನೇನೂ ಬಿಡ್ಬೇಕು."

"ಇಲಾರಿಯೊ ಬಗ್ಗೆ ಏನಂತೀರಿ?"

"ನನ್ನ ಮಗ ಇದ್ದ ಹಾಗೆ. ಇಂಥ ಕೆಲಸ ಮಾಡೋನಲ್ಲ." ಮುದುಕ ಒಂದು ಗುಟುಕು ನುಂಗಿದರು. "ಆದ್ರೆ ಕೀಲಿ ಇದ್ದಿದ್ದು ನಿಜ. ಬ್ರೇಕ್ ಹಾಕಿದ್ದೂ ಅವನೇ. ನಾನು ಏನು ಹೇಳ್ಲಿ?"

ನೆಲಿದಾಗೆ ಅಳು ಬಂತು. ಪಾದ್ರಿನೊ ಬಾಯಲ್ಲೂ ಆ 'ಆದ್ರೆ' ಬಂದ ಮೇಲೆ ಇನ್ನು ಉಳಿದದ್ದೇನು? ಇನ್ಸ್‌ಪೆಕ್ಟರ್ ಮಾತ್ರ ಅಗಿಯುವುದನ್ನು ನಿಲ್ಲಿಸಿ ಆ ಮುಚ್ಚಳವನ್ನೇ ನೋಡುತ್ತಿದ್ದಳು.

* * *

ಸ್ಥಳ ನೋಡಲು ಸಿಕ್ಸ್ತೊನ ಟ್ರಾಲಿಯಲ್ಲಿ ಹೊರಟರು. "ನಾನೂ ಬರ್ತೀನಿ. ಅತ್ತೆ ಗೂಡದು," ಎಂದು ನೆಲಿದಾ ಹಟ ಹಿಡಿದು, ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಇಲಾರಿಯೊ ಕಾವಲುಗಾರರ ನಡುವೆ ಊಟದ ಮನೆಯಲ್ಲೇ ಉಳಿದ. ಟ್ರಾಲಿ ಹೊರಟಾಗ ಅವಳು ಹಿಂದಿರುಗಿ ನೋಡಿದಳು. ಅವನು ಕೆನ್ನೆ ಹಿಡಿದುಕೊಂಡು ನೆಲ ನೋಡುತ್ತಿದ್ದ.

ದೊಮಿತಿಲಾ ಹಳಿ ಗ್ಯಾಂಗಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು. ಬಿಸಿ ಸೂಪಿನ ಪಾತ್ರೆ ಹೊತ್ತು ಹಳಿ ದಾಟುವಾಗ, ಗಾಳಿಯ ಸದ್ದಿಗೆ ಗಾಡಿ ಬಂದದ್ದು ಅವಳಿಗೆ ಕೇಳಿಸಲಿಲ್ಲ. ಅವಳು ಬಿದ್ದ ಜಾಗದಲ್ಲಿ ದೋನ್ ಅಬೆಲಾರ್ದೊ ತಮ್ಮ ಕೈಯಾರೆ ಹಲಗೆ ಕೊಯ್ದು ಮೊಣಕಾಲೆತ್ತರದ ಮನೆ ಕಟ್ಟಿದ್ದರು — ಒಳಗೊಂದು ಶಿಲುಬೆ, ಅವಳ ಹೆಸರು, ಅವಳದೇ ತಗಡಿನ ಲೋಟ, ಡಬ್ಬಿ ಕತ್ತರಿಸಿ ಮಾಡಿದ ಹೂಗಳು. ಅಂದಿನಿಂದ ಆ ದಾರಿಯಲ್ಲಿ ಹೋಗುವ ಪ್ರತಿ ಎಂಜಿನ್ನೂ ಅಲ್ಲಿ ಸೀಟಿ ಊದುತ್ತದೆ. ಕಾಲ್ನಡೆಯಲ್ಲಿ ಬಂದವರು, ನಿಂತವರು, ಲೋಟಕ್ಕೆ ನೀರು ಬಿಟ್ಟು ಮುಂದೆ ಹೋಗುತ್ತಾರೆ. ಬಾಯಾರಿ ಸತ್ತವರೇ ಹೆಚ್ಚಿರುವ ಈ ಸೀಮೆಯಲ್ಲಿ ಸತ್ತವರಿಗೆ ನೀರು ಕೊಡದೆ ಹೋಗುವ ಧೈರ್ಯ ಯಾರಿಗೂ ಇಲ್ಲ, ಸಿಕ್ಸ್ತೊನ ಸಭೆಯವರನ್ನು ಬಿಟ್ಟರೆ.

"ನೋಡಿ!" ಬುಸ್ತೋಸ್ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಸನ್ನೆಗೋಲು ಎದುರಿಗೇ ಇದೆ. ಕಳ್ಳ ಇಲ್ಲಿ ವ್ಯಾಗನ್ ನಿಲ್ಸಿ, ಇಳ್ದು, ಹಳಿ ಬದಲಿಸಿದಾನೆ. ಜನ ಇಟ್ಟುಹೋದ ಬಾಟಲಿ ಮೇಲೆಲ್ಲ ಧೂಳು. ಲೋಟದ ತಳ ಮಾತ್ರ ಹಸಿ. ರಾತ್ರಿ ಯಾರೋ ಇವಳಿಗೆ ಕುಡಿಯೋಕೆ ಕೊಟ್ಟಿದಾರೆ. ಕಳ್ಳತನದ ನಡುವೆ ಸತ್ತವಳಿಗೆ ನೀರು ಕೊಡೋಕೆ ಮಗ ಅಲ್ದೆ ಇನ್ಯಾರು ನಿಲ್ತಾರೆ? ಬಟ್ಟೆ ಮಡಿಸಿಟ್ಟೋನೂ ಅವನೇ. ಎರಡೂ ಮನೆಯವನ ಕೆಲಸ."

ನೆಲಿದಾ ಮಂಡಿಯೂರಿ ಲೋಟದೊಳಗೆ ಇಣುಕಿದಳು.

ನೀರಲ್ಲ. ಕಂದು ಬಣ್ಣದ ಅಂಟು. ಅದರಲ್ಲಿ ರಿಕಾ-ರಿಕಾದ ಸಣ್ಣ ಕಡ್ಡಿ. ಕಿತ್ತಳೆ ಸಿಪ್ಪೆಯ ಚೂರು.

ಅವಳ ಕಷಾಯ! ಅವಳ ಒಲೆಯ ಮೇಲೆ ಕುದಿದದ್ದು, ಅವಳ ಮನೆಯಿಂದ ಬಂದದ್ದು. ಮನೆಯೊಳಗಿಂದ ಕಷಾಯ ತಂದವನು ಯಾರು? ರಾತ್ರಿ ಹಾಸಿಗೆಯಲ್ಲಿ ಇಲ್ಲದವನು ಯಾರು? ಹಾಗಾದರೆ ಕ್ಯಾಪ್ಟನ್ ಹೇಳಿದ್ದೇ ಸರಿ. ದೇವರೇ, ಅವನೇ!

ಯೋಚಿಸಲು ಹೊತ್ತಿರಲಿಲ್ಲ. ಅತ್ತೆಯ ಗೂಡಿಗೆ ಬಂದ ಸೊಸೆ ಲೋಟ ತೊಳೆದು ನೀರು ತುಂಬಿದರೆ ಯಾರು ತಾನೇ ಸಂಶಯಪಡುತ್ತಾರೆ? ಅವಳು ಬಾಟಲಿಯ ಮುಚ್ಚಳ ತಿರುವಿದಳು. ಲೋಟಕ್ಕೆ ಬಗ್ಗಿಸಿದಳು —

ಇನ್ಸ್‌ಪೆಕ್ಟರಳ ಕೈ ಅವಳ ಮಣಿಕಟ್ಟನ್ನು ಹಿಡಿದಿತ್ತು.

"ಆಮೇಲೆ ಕೊಡಿ ತಾಯಿ. ಅತ್ತೆ ಸ್ವಲ್ಪ ಕಾಯ್ತಾರೆ."

ಆಕೆ ಬೆರಳನ್ನು ಲೋಟದ ತಳಕ್ಕೆ ಒತ್ತಿ ಎತ್ತಿದಳು. ಮೂಸಿದಳು. ಲೋಟವನ್ನು ಹಾಗೇ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದಳು.

"ಕ್ಯಾಪ್ಟನ್, ನೀರು ಬೆರಳಿಗೆ ಅಂಟುತ್ತಾ?"

"ಏನಂದ್ರಿ?"

"ಏನಿಲ್ಲ. ನೀವು ಆ ಲಾರಿ ಗುರುತು ನೋಡ್ಕೊಂಡು ಬನ್ನಿ."

ಅವನು ದೂರ ಹೋದದ್ದೇ ಆಕೆ ದನಿ ತಗ್ಗಿಸಿದಳು. "ಲೋಟ ತೊಳೆಯೋಕೆ ಹೊರಟ್ರಲ್ಲ, ಯಾರನ್ನ ಉಳಿಸೋಕೆ?"

ನೆಲಿದಾಳಿಗೆ ತಡೆಯಲಾಗಲಿಲ್ಲ. "ಅವರು ಹಾಸಿಗೇಲಿ ಇರ್ಲಿಲ್ಲ ಮೇಡಂ! ನಾನು ಸುಳ್ಳು ಹೇಳ್ದೆ. ಆ ಕಷಾಯ ನಂದೇ. ನಾನೇ ಕಾಯಿಸಿದ್ದು."

"ಹಾಸಿಗೇಲಿ ಇರ್ಲಿಲ್ಲ ಅನ್ನೋದು ಅವರ ಮುಖ ನೋಡ್ದಾಗ್ಲೇ ಗೊತ್ತಾಯ್ತು." ಆಕೆ ಜೋಳ ಬಾಯಿಗೆಸೆದುಕೊಂಡಳು. "ಬ್ರೇಕ್‌ಮ್ಯಾನ್ ಊಟದ ಚೀಲ ಎಲ್ಲಿರುತ್ತೆ?"

"ಬಾಗಿಲ ಹಿಂದೆ ನೇತಾಕಿದ್ರು. ಈಗ ಕ್ಯಾಪ್ಟನ್ ತಗೊಂಡಿದಾರೆ. ಯಾಕೆ?"

"ನಡೀರಿ ಬೇಗ. ಗಾಡಿ ಬರೋ ಹೊತ್ತಾಯ್ತು."

ವಾಪಸ್ ಬರುವಾಗ ಟ್ರಾಲಿಯ ಮೇಲೆ ನೆಲಿದಾ ಮುಚ್ಚಳ ಬಿಗಿದ ಬಾಟಲಿಯನ್ನು ಮತ್ತೆ ಬಿಚ್ಚುವಳು, ಮತ್ತೆ ಬಿಗಿಯುವಳು. ಹೇಳಬಾರದಿತ್ತು. ಹೇಳಿಬಿಟ್ಟೆ. ನನ್ನ ಕೈಯಾರೆ ಗಂಡನನ್ನು ಒಪ್ಪಿಸಿಬಿಟ್ಟೆ. ಇದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

* * *

ಮೇಲಿನ ತಿರುವಿನಲ್ಲಿ ಮಧ್ಯಾಹ್ನದ ಗಾಡಿಯ ಸೀಟಿ ಕೇಳಿಸಿದಾಗ ಎಲ್ಲರೂ ಊಟದ ಮನೆಯಲ್ಲಿ ಸೇರಿದ್ದರು.

"ಮುಗೀತಾ ನಿಮ್ಮ ಆಟ?" ಬುಸ್ತೋಸ್ ಎದ್ದು ಇಲಾರಿಯೊನ ತೋಳಿಗೆ ಕೈ ಹಾಕಿದ. "ನಡಿಯೋ."

"ಕೂತ್ಕೊಳ್ಳಿ ಕ್ಯಾಪ್ಟನ್. ಇವರ ಚೀಲ ಕೊಡಿ." ಇನ್ಸ್‌ಪೆಕ್ಟರ್ ಅದರಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಕುತ್ತಿಗೆಗೆ ಕೆಂಪು ದಾರ ಕಟ್ಟಿತ್ತು. ತುಂಬಾ ನೀರು. "ಇದು ಯಾರಿಗೆ ಇಲಾರಿಯೊ?"

"ಅಮ್ಮಂಗೆ," ಅವನೆಂದ. "ಪ್ರತಿ ಸಲ ಇಳಿಯೋವಾಗ ಕೊಡ್ತೀನಿ. ನಿನ್ನೆ ಇಲ್ಲೇ ಇಳಿಸಿದ್ರಿಂದ ಕೊಡೋಕಾಗ್ಲಿಲ್ಲ."

"ಕೇಳಿಸ್ತಾ ಕ್ಯಾಪ್ಟನ್? ತಾಯಿಗೆ ಅಂತ ದಾರ ಕಟ್ಟಿಟ್ಟ ನೀರು ಬಾಗಿಲ ಹಿಂದೆ ನೇತಾಡ್ತಿರೋವಾಗ, ಇವರು ಅದನ್ನ ಬಿಟ್ಟು ಬರಿಗೈಲಿ ಅವಳ ಮುಂದೆ ಹೋಗಿ ನಿಲ್ತಾರಾ?"

"ಆತುರದಲ್ಲಿ ಮರೆತಿರ್ಬೇಕು. ಲೋಟದಲ್ಲಿ ನೀರಿತ್ತಲ್ಲ?"

"ನೀರಿರ್ಲಿಲ್ಲ." ಆಕೆ ಕರವಸ್ತ್ರ ಬಿಚ್ಚಿದಳು. ತಗಡಿನ ಲೋಟ ಮೇಜಿನ ಮೇಲೆ ಕೂತಿತು. "ನಾವೆಲ್ಲ ಹಸಿ ನೋಡಿದ್ವಿ, ನೀರು ಅಂದ್ಕೊಂಡ್ವಿ. ಅಲ್ಲಿ ಯಾರಾದ್ರೂ ಕೊಡೋದು ನೀರೇ ಅಲ್ವಾ? ಆದ್ರೆ ಈ ಒಣ ಗಾಳೀಲಿ ಬೆಳಗಾಗೋದ್ರೊಳಗೆ ನೀರು ಗುರುತಿಲ್ಲದೆ ಆರಿಹೋಗ್ಬೇಕಿತ್ತು. ಇದು ಸಕ್ಕರೆ. ಅದಕ್ಕೇ ಅಂಟು ಉಳಿದಿದೆ. ಜೊತೆಗೆ ರಿಕಾ-ರಿಕಾ, ಕಿತ್ತಳೆ ಸಿಪ್ಪೆ. ನೆಲಿದಾ, ನಿನ್ನೆ ಸಂಜೆ ಕಷಾಯ ಕಾಯಿಸಿದ ಪಾತ್ರೇಲಿ ಎಷ್ಟು ಉಳಿದಿತ್ತು?"

"ಏನೂ ಉಳಿದಿರ್ಲಿಲ್ಲ. ಎಲ್ಲಾ ಬಗ್ಗಿಸಿ, ಪಾತ್ರೆ ತೊಳ್ದು..."

ಅವಳ ಮಾತು ಅಲ್ಲೇ ನಿಂತಿತು. ಬಗ್ಗಿಸಿದ್ದು ಎಲ್ಲಿಗೆ? ಬೆಳಗಿಂದ ಕಣ್ಣೆದುರಿಗೇ ಇತ್ತು. ಗಂಡನ ಮೇಲಿನ ಭಯ ಅವಳ ಕಣ್ಣಿಗೆ ಪಟ್ಟಿ ಕಟ್ಟಿಬಿಟ್ಟಿತ್ತು.

"ಥರ್ಮಾಸಿಗೆ," ಎಂದಳು ಮೆಲ್ಲಗೆ.

ದೋನ್ ಅಬೆಲಾರ್ದೊರ ಕೈ ಥರ್ಮಾಸಿನ ಮೇಲಿತ್ತು. ಅದನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ಅವರು ಹಾಗೇ ಇಟ್ಟುಕೊಂಡಿದ್ದರು.

"ಕೀಲಿ ಇದ್ದೋರು ಮೂರು ಜನ," ಇನ್ಸ್‌ಪೆಕ್ಟರ್ ಈಗ ಓಡಾಡುವುದನ್ನು ನಿಲ್ಲಿಸಿದ್ದಳು. "ಸಿಕ್ಸ್ತೊ? ಅವರು ಆ ಗೂಡಿಗೆ ಒಂದು ಹನಿನೂ ಕೊಡಲ್ಲ, ಕೊಟ್ರೆ ಅವರ ಪ್ರಕಾರ ನರಕ. ಇಲಾರಿಯೊ? ಇವರ ಹತ್ರ ಕೊಡೋಕೆ ನೀರೇ ಇತ್ತು. ಉಳಿದೋರು, ಗೂಡಿನ ಎದುರು ಇಳಿದಾಗ ಬಗಲಲ್ಲಿ ಥರ್ಮಾಸ್ ಬಿಟ್ರೆ ಬೇರೇನೂ ಇಲ್ದೋರು. ಬಟ್ಟೆ ಹರಿದು ಹಳೀಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಬಿಚ್ಚಿದೋರು. ಬಿಚ್ಚಿದ್ದನ್ನ ನೆಲಕ್ಕೆ ಹಾಕೋಕೆ ಮನಸ್ಸು ಬಾರದೆ ಅಂಚು ಕೂಡಿಸಿ ಮಡಿಸಿಟ್ಟೋರು. ಕೊನೇ ಹನಿವರೆಗೂ ನಾನೇ ಕುಡ್ದೆ ಅಂದ್ರಲ್ಲ ದೋನ್ ಅಬೆಲಾರ್ದೊ, ಒಂದು ಲೋಟ ಯಾರು ಕುಡಿದ್ರು?"

"ಸುಳ್ಳು!" ಎಂದ ಬುಸ್ತೋಸ್. "ಇವನ ಕೆನ್ನೆ? ಇವನು ರಾತ್ರಿ ಎಲ್ಲಿದ್ದ?"

"ಹಲ್ಲುನೋವು ಕ್ಯಾಪ್ಟನ್. ಮೈಯೆಲ್ಲ ಲವಂಗದ ಎಣ್ಣೆ ವಾಸನೆ. ಹುರಿದ ಜೋಳ ಕಂಡ್ರೆ ಹಾವು ಕಂಡ ಹಾಗೆ ಬೆಚ್ಚಿಬಿದ್ರು. ಮನೆ ಹಿಂದಿನ ನೀರಿನ ತೊಟ್ಟಿ ಸುತ್ತ ರಾತ್ರಿಯೆಲ್ಲ ಗಾಣದೆತ್ತಿನ ಹಾಗೆ ಸುತ್ತಿದಾರೆ. ಅಲ್ಲಿನ ಒದ್ದೆ ನೆಲದಲ್ಲಿ ಹೆಜ್ಜೆ ಗುರುತು ಈಗ್ಲೂ ಇದೆ. ಹೆಂಡತಿಗೆ ಯಾಕೆ ಹೇಳ್ಲಿಲ್ಲ ಇಲಾರಿಯೊ?"

"ಹೇಳಿದ್ರೆ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ," ಅವನೆಂದ. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ದೋನ್ ಅಬೆಲಾರ್ದೊ ಲೋಟವನ್ನೇ ನೋಡುತ್ತಿದ್ದರು.

"ಇಡೀ ಜೀವಮಾನ ಇಲ್ಲೇ ಕಳೆದೆ. ಚಳಿಗಾಲ ಮುಗಿಯೋದ್ರೊಳಗೆ ಹೊರಡು ಅಂದ್ರು. ಎಲ್ಲಿಗೆ? ಗುಜರಿಯವನು ಬಂದ, ಆಸೆ ತೋರಿಸ್ದ... ಬ್ರೇಕ್ ಬಿಚ್ಚೋವಾಗ್ಲೂ ಹಿಂದೆ ಮುಂದೆ ನೋಡ್ಲಿಲ್ಲ ನಾನು. ಸನ್ನೆಗೋಲಿನ ಹತ್ರ ಇಳಿದೆ ನೋಡಿ — ಅವಳು ಎದುರಿಗೇ ಇದ್ಲು. ಲೋಟ ಒಣಗಿತ್ತು. ಬರಿಗೈಲಿ ಹ್ಯಾಗೆ ಹೋಗ್ಲಿ? ಆ ಕಷಾಯ ಅವಳೇ ನಂಗೆ ಕಲಿಸಿಕೊಟ್ಟಿದ್ದು. ಅವಳ ಕೈಯದ್ದೇ ಅವಳಿಗೆ ಕೊಟ್ಟೆ."

ಇಲಾರಿಯೊ ಎದ್ದ. ಕಾವಲುಗಾರರು ತಡೆಯಲಿಲ್ಲ.

"ತೊಟ್ಟಿ ಹತ್ರ ಇದ್ದಾಗ ನಿಮ್ಮ ಲಾಂದ್ರ ಕಂಡಿತ್ತು ಪಾದ್ರಿನೊ. ಹಳಿ ಕಡೆ ಹೋಗ್ತಿತ್ತು. ನಾನು ಬಾಯಿ ಬಿಡ್ಲಿಲ್ಲ. ಬೆಳಗಿಂದ ಕಾಯ್ತಾ ಇದ್ದೆ, ನೀವೇ ಹೇಳ್ತೀರಿ ಅಂತ." ಅವನು ತಗಡಿನ ಲೋಟದತ್ತ ಕೈ ತೋರಿಸಿದ. "ಸತ್ತ ನಮ್ಮಮ್ಮನ ಬಾಯಾರಿಕೆ ನಿಮಗೆ ಕಂಡಿತು. ಇಲ್ಲಿ ಎದುರಿಗೇ ಕೂತಿದ್ದ ನಾನು ಕಾಣ್ಲಿಲ್ವಾ?"

ಮುದುಕ ಟೋಪಿಯನ್ನು ತೆಗೆದು, ಅದರ ಅಂಚನ್ನು ಸರಿಮಾಡಿ, ಮೇಜಿನ ಮೇಲೆ ನೇರವಾಗಿ ಇಟ್ಟರು.

ಗಾಡಿ ಬಂದು ನಿಂತಿತು. ಗುಜರಿಯವನ ಹೆಸರು, ನಸುಕಿನಲ್ಲಿ ತಮ್ಮನ್ನು ನಿಲ್ದಾಣದ ಹತ್ತಿರ ಇಳಿಸಿ ಲಾರಿ ಹೋದ ದಾರಿ — ಕೇಳಿದ್ದಕ್ಕೆಲ್ಲ ದೋನ್ ಅಬೆಲಾರ್ದೊ ಹೇಳಿದರು. ಬುಸ್ತೋಸ್ ಯಾರ ಮುಖವನ್ನೂ ನೋಡದೆ ರೇಡಿಯೊ ಕೋಣೆಗೆ ಓಡಿದ.

"ಇಲಾರಿಯೊ, ನೀವೂ ಹತ್ತಿ," ಇನ್ಸ್‌ಪೆಕ್ಟರ್ ಎಂದಳು.

ನೆಲಿದಾ ಬೆಚ್ಚಿದಳು. "ಯಾಕೆ ಮೇಡಂ?"

"ಬಂದರಲ್ಲಿ ನಮ್ಮ ಠಾಣೆ ಎದುರಿಗೇ ಹಲ್ಲಿನ ಡಾಕ್ಟರು. ನಾನೇ ಕರ್ಕೊಂಡು ಹೋಗಿ ಕೂರಿಸ್ತೀನಿ."

ಅದೇ ಗಾಡಿ. ಬೆಳಗಿನಿಂದ ನೆಲಿದಾ ಹೆದರಿ ಸತ್ತದ್ದು ಅದರ ಸೀಟಿಗೇ. ಈಗ ಇಲಾರಿಯೊ ಅಮ್ಮನ ಬಾಟಲಿಯನ್ನು ಕೈಯಲ್ಲಿ ಹಿಡಿದು ಹತ್ತುತ್ತಿದ್ದ, ಮುಖ ಹುಳ್ಳಗೆ ಮಾಡಿಕೊಂಡು. ಇನ್ಸ್‌ಪೆಕ್ಟರ್ ತಗಡಿನ ಲೋಟ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತ, "ಕೋರ್ಟು ಮುಗಿದ ಮೇಲೆ ವಾಪಸ್ ತಂದಿಡ್ತೀನಿ. ಅಲ್ಲೀವರೆಗೆ ನಿಮ್ಮತ್ತೆಗೊಂದು ಬೇರೆ ಲೋಟ ಇಡಿ," ಎಂದಳು.

ದೋನ್ ಅಬೆಲಾರ್ದೊ ಎಂಜಿನ್ನಿನ ಮೆಟ್ಟಿಲ ಬಳಿ ತಡೆದು ನಿಂತರು. ಕೈಯಲ್ಲಿ ಖಾಲಿ ಥರ್ಮಾಸ್.

"ಮಗಳೇ," ಎಂದರು. ಮುಂದಿನದನ್ನು ಕೇಳುವ ಧೈರ್ಯವಾಗಲಿಲ್ಲ. ಥರ್ಮಾಸನ್ನು ಸ್ವಲ್ಪ ಮುಂದೆ ಚಾಚಿದರು, ಅಷ್ಟೇ.

ನೆಲಿದಾಗೆ ಅದನ್ನು ಕಿತ್ತು ಹಳಿಯ ಮೇಲೆ ಎಸೆಯಬೇಕೆನಿಸಿತು. ಅಷ್ಟು ಸಿಟ್ಟು, ಅಷ್ಟು ದುಃಖ. ಆದರೂ ಇಸಿದುಕೊಂಡು ಒಳಗೆ ಹೋದಳು. ಒಲೆಯ ಮೇಲೆ ಕಷಾಯದ ಪಾತ್ರೆ ಇತ್ತು, ಡಬ್ಬಿಯಲ್ಲಿ ಸೊಪ್ಪಿತ್ತು, ಕಿತ್ತಳೆ ಸಿಪ್ಪೆಯೂ ಇತ್ತು. ಅವಳು ಅವನ್ನು ಮುಟ್ಟಲಿಲ್ಲ. ಥರ್ಮಾಸನ್ನು ತೊಳೆದು, ಕೊಡದಿಂದ ತಣ್ಣೀರು ತುಂಬಿ, ಬಿರಡೆ ಹಾಕಿ ತಂದು ಅವರ ಕೈಗೆ ಕೊಟ್ಟಳು.

ಗಾಡಿ ಹೊರಟಿತು. ಅವರು ಮುಚ್ಚಳಕ್ಕೆ ಬಗ್ಗಿಸಿದ್ದು, ಅದರೊಳಗೆ ನೋಡಿದ್ದು ನೆಲಿದಾಗೆ ದೂರದಿಂದಲೂ ಕಂಡಿತು. ಈ ಸೀಮೆಯಲ್ಲಿ ನೀರು ಯಾರಿಗೆ ಕೊಡುತ್ತಾರೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ, ಗೂಡಿನ ಹತ್ತಿರದಿಂದ, ಎಂಜಿನ್ನಿನ ಸೀಟಿ ಉದ್ದಕ್ಕೆ ಕೇಳಿಸಿತು. ನೆಲಿದಾ ಕಂಬದಿಂದ ಹಗ್ಗ ತೆಗೆದು, ಬೆಂಚಿನ ಮೇಲೆ ಅವರು ಮಡಿಸಿಟ್ಟಿದ್ದ ಬಟ್ಟೆಗಳನ್ನೆಲ್ಲ ಒದ್ದೆ ಮಾಡಿ, ಮೊದಲಿನಿಂದ ಒಗೆಯಲು ಕೂತಳು.